ಪಿ ಅಕ್ಷರದ ತಲೆಯ ಮೇಲೊಂದು ಗೀಟು

ತಿಪಟೂರು, ಅರಸೀಕೆರೆ ಕಡೆಯ ಮನೆಗಳಲ್ಲಿ ಕೊಬ್ಬರಿಗೆಂದು ಅಟ್ಟದ ಮೇಲೆ ತೆಂಗಿನಕಾಯಿ ಹರಡಿರುತ್ತಾರೆ. ತಿಂಗಳುಗಟ್ಟಲೆ ಅವು ಅಲ್ಲೇ ಒಣಗುತ್ತವೆ. ಮನೆಯ ಹಿರಿಯರು ಆಗಾಗ ಅಟ್ಟ ಹತ್ತಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ನೀರು ಕುಲುಕಿದ ಸದ್ದು ಬಂದರೆ ಅದಿನ್ನೂ ಹಸಿ. ಗಡಗಡ ಎಂದರೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿದೆ ಎಂದು ಲೆಕ್ಕ. ಕಾಯಿ ಒಡೆಯದೆಯೇ ಒಳಗಿನ ಸಂಗತಿಯೆಲ್ಲ ತಿಳಿಯುತ್ತದೆ. ಭೂಮಿಯ ಒಳಗೇನಿದೆ ಎಂದು ಮನುಷ್ಯ ತಿಳಿದುಕೊಂಡದ್ದೂ ಹೆಚ್ಚುಕಡಿಮೆ ಹೀಗೆಯೇ. ಒಂದೇ ವ್ಯತ್ಯಾಸವೆಂದರೆ, ಈ ಕಾಯನ್ನು ನಾವು ಹಿಡಿದು ಅಲ್ಲಾಡಿಸಲಾರೆವು. ಅದು ತಾನಾಗಿಯೇ ಅಲ್ಲಾಡಿದಾಗ ಕಿವಿಗೊಡಬೇಕು, ಅಷ್ಟೆ.

ಒಡೆದು ನೋಡುವ ಮಾತಂತೂ ದೂರ. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಕಾವಿಗೆ ಕೆಲಸ ಮಾಡುವುದೇ ಕಷ್ಟವಾಗುತ್ತಿತ್ತು. ಸೋವಿಯತ್ ರಷ್ಯದವರು ಕೋಲಾ ಎಂಬಲ್ಲಿ 1970ರಿಂದ ಕೊರೆಯುತ್ತ ಕೊರೆಯುತ್ತ 1989ರಲ್ಲಿ 12 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಆಳ ಮುಟ್ಟಿ ಕೈಬಿಟ್ಟರು. ಭೂಮಿಯ ನಡುಮಧ್ಯ ಇರುವುದು 6,371 ಕಿಲೋಮೀಟರ್ ಕೆಳಗೆ. ಅಂದರೆ ನಾವು ಇಷ್ಟೆಲ್ಲ ಪಟ್ಟ ಪಾಡು ಕಾಯಿಯ ನಾರನ್ನು ಉಗುರಿನಿಂದ ಕೆರೆದಷ್ಟು.

ಹೀಗಿರುವಾಗ ಭೂಮಿಯ ತೀರ ಒಳಗೆ, ಕುದಿಯುವ ಲೋಹದ ದ್ರವದ ನಡುವೆ, ಬೇರೆಯದೇ ಒಂದು ಉಂಡೆ ಇದೆಯೆಂದು ಮೊದಲು ಹೇಳಿದವರು ಡೆನ್ಮಾರ್ಕಿನ ಒಬ್ಬ ಮಹಿಳೆ, ಇಂಗೆ ಲೇಮನ್. 1936ರ ಮಾತು. ಮೇರಿ ಕ್ಯೂರಿಯ ಹೆಸರು ಗೊತ್ತಿಲ್ಲದ ಹೈಸ್ಕೂಲು ಹುಡುಗಿ ನಮ್ಮಲ್ಲಿ ಇರಲಾರಳು. ಈಕೆಯ ಹೆಸರು ಕೇಳಿದವರು ಎಷ್ಟು ಜನ? ಭೂಗೋಳದ ಪಾಠದಲ್ಲಿ ಒಳಗರ್ಭ, ಹೊರಗರ್ಭ ಎಂದು ಚಿತ್ರ ಬರೆದು ಬಣ್ಣ ತುಂಬಿದವರು ನಾವೆಲ್ಲ. ಆ ಚಿತ್ರದ ನಟ್ಟನಡುವಿನ ಪುಟ್ಟ ವೃತ್ತ ಈಕೆ ಬರೆದದ್ದೆಂದು ಯಾರೂ ಹೇಳಲಿಲ್ಲ.

ಆಕೆಯ ಕತೆಗೆ ಬರುವ ಮುಂಚೆ, ನೆಲದ ನಡುಕವನ್ನು ಓದುವ ವಿದ್ಯೆ ಹೇಗೆ ಹುಟ್ಟಿತೆಂದು ಸ್ವಲ್ಪ ಹೇಳಬೇಕು. 1889ರ ಏಪ್ರಿಲ್ 17ರಂದು ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಎರ್ನ್‌ಸ್ಟ್ ಫಾನ್ ರೆಬೆಯೂರ್ ಪಾಶ್ವಿಟ್ಸ್ ಎಂಬ ಖಗೋಳಶಾಸ್ತ್ರಜ್ಞನ ಲೋಲಕ ಕಾರಣವಿಲ್ಲದೆ ತೂಗಾಡಿತು. ಚಂದ್ರನ ಸೆಳೆತಕ್ಕೆ ನೆಲ ಎಷ್ಟು ವಾಲುತ್ತದೆಂದು ಅಳೆಯಲು ಆತ ಅದನ್ನು ಇಟ್ಟಿದ್ದ. ಕೆಲವು ವಾರಗಳ ಮೇಲೆ ವಿಜ್ಞಾನ ಪತ್ರಿಕೆಯೊಂದನ್ನು ತಿರುವಿ ಹಾಕುವಾಗ, ಅದೇ ದಿನ ಟೋಕಿಯೋದಲ್ಲಿ ಭೂಕಂಪವಾಗಿತ್ತೆಂಬ ಸುದ್ದಿ ಕಂಡಿತು. ವೇಳೆ ಲೆಕ್ಕ ಹಾಕಿ ನೋಡಿದ. ತಾಳೆಯಾಯಿತು. ಜಪಾನಿನಲ್ಲಿ ನಡುಗಿದ ನೆಲ ಜರ್ಮನಿಯಲ್ಲಿ ಸದ್ದು ಮಾಡಿತ್ತು! ಆತ ಕ್ಷಯದಿಂದ 34ನೆಯ ವಯಸ್ಸಿಗೇ ತೀರಿಕೊಂಡ. ಆದರೆ ಅಷ್ಟರೊಳಗೆ ಬಾಗಿಲು ತೆರೆದುಬಿಟ್ಟಿದ್ದ.

ಆ ಬಾಗಿಲೊಳಗೆ ಕಾಲಿಟ್ಟವನು ನಮ್ಮ ದೇಶದಲ್ಲೇ ಕೆಲಸ ಮಾಡುತ್ತಿದ್ದ ಇಂಗ್ಲಿಷಿನವನು, ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. 1897ರ ಜೂನ್ 12ರ ಸಂಜೆ ಶಿಲ್ಲಾಂಗ್ ಸುತ್ತಮುತ್ತ ಭಾರಿ ಭೂಕಂಪವಾಯಿತು. ಕಲ್ಲಿನ ಕಟ್ಟಡವೆಂಬುದು ಅಲ್ಲಿ ಉಳಿಯಲಿಲ್ಲ. ನೆಲದ ಮೇಲಿದ್ದ ಕಲ್ಲುಗಳು, ಕಾವಲಿಯ ಮೇಲಿನ ಸಾಸಿವೆಯ ಹಾಗೆ, ತಾವಿದ್ದ ಕುಳಿಯಿಂದ ಚಿಮ್ಮಿ ಬೇರೆ ಕಡೆ ಬಿದ್ದಿದ್ದವು. ಓಲ್ಡ್‌ಹ್ಯಾಮ್ ಊರೂರು ಅಲೆದು ಇವನ್ನೆಲ್ಲ ಬರೆದಿಟ್ಟ. ಆತನ ದೊಡ್ಡ ಕೆಲಸ ಮಾತ್ರ ಕಾಗದದ ಮೇಲೆ ನಡೆದದ್ದು. ಯೂರೋಪಿನ ಯಂತ್ರಗಳು ಅಂದು ಬರೆದ ಗೆರೆಗಳನ್ನು ತರಿಸಿ ನೋಡಿದಾಗ, ನಡುಕ ಒಂದೇ ಸಲಕ್ಕೆ ಬಾರದೆ ಕಂತುಕಂತಾಗಿ ಬಂದಿತ್ತು. ಮೊದಲು ಬರುವುದು ಪಿ ಅಲೆ. ಇದು ಸಾಲಾಗಿ ನಿಂತ ಜನರಲ್ಲಿ ಹಿಂದಿನವರು ನೂಕಿದಾಗ ಮುಂದಿನವರಿಗೆ ತಾಗುವಂಥದು. ನೂಕಿದ ದಿಕ್ಕಿಗೇ ಸಾಗುತ್ತದೆ. ಹಿಂದಿನಿಂದ ಬರುವುದು ಎಸ್ ಅಲೆ. ಒಗೆದ ಸೀರೆಯ ಎರಡು ತುದಿ ಇಬ್ಬರು ಹಿಡಿದು ಕೊಡವಿದಾಗ ಬಟ್ಟೆಯಲ್ಲಿ ಏಳುವಂಥದು. ಅಲೆ ಉದ್ದಕ್ಕೆ ಓಡುತ್ತದೆ, ಬಟ್ಟೆ ಮೇಲೆ ಕೆಳಗೆ ಆಡುತ್ತದೆ. ಈ ಎರಡರ ನಡುವಿನ ಅಂತರ ಎಷ್ಟು ಸೆಕೆಂಡು ಎಂದು ಎಣಿಸಿದರೆ ಭೂಕಂಪ ಎಷ್ಟು ದೂರದಲ್ಲಿ ಆಯಿತೆಂದು ಹೇಳಬಹುದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ನಾವು ಎಣಿಸುವುದಿಲ್ಲವೇ, ಹಾಗೆ.

ಎಸ್ ಅಲೆಗೆ ಒಂದು ಸ್ವಭಾವವಿದೆ. ಅದು ದ್ರವದೊಳಗೆ ಹೋಗಲಾರದು. ಹಲ್ವ ತುಂಬಿದ ತಟ್ಟೆಯನ್ನು ಪಕ್ಕಕ್ಕೆ ತಟ್ಟಿದರೆ ಇಡೀ ಹಲ್ವ ತೊನೆದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ತಿಳಿಸಾರಿಗೆ ಹಾಗೆ ಮರಳಿ ಬರುವ ಬಿಗಿಯೇ ಇಲ್ಲ; ಸೌಟು ಸರಿಸಿದತ್ತ ಸರಿದು ಸುಮ್ಮನಾಗುತ್ತದೆ. ಈ ಒಂದು ಸ್ವಭಾವವೇ ಮುಂದಿನ ಕತೆಗೆಲ್ಲ ಕೀಲಿಕೈ.

1906ರಲ್ಲಿ ಓಲ್ಡ್‌ಹ್ಯಾಮ್ ಭೂಮಿಗೆ ಬೇರೆಯದೇ ಒಂದು ಗರ್ಭವಿದೆಯೆಂದು ತೋರಿಸಿದ. ಅದೇ ವರ್ಷ ಏಪ್ರಿಲ್ 18ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಭೂಕಂಪಕ್ಕೂ ಆಮೇಲಿನ ಬೆಂಕಿಗೂ ತುತ್ತಾಯಿತು. ಅಲ್ಲಿ ನೆಟ್ಟಗಿದ್ದ ಹೊಲದ ಬೇಲಿಗಳು ತುಂಡಾಗಿ, ಒಂದರ್ಧ ಇನ್ನೊಂದರ್ಧದಿಂದ ಎಷ್ಟೋ ಅಡಿ ಆಚೆ ನಿಂತಿದ್ದವು. ಅದನ್ನು ಅಳೆದವರ ಲೆಕ್ಕ ನೋಡಿ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ಪ್ರೊಫೆಸರು 1910ರಲ್ಲಿ ಹೇಳಿದ್ದು ಇಂದಿಗೂ ಭೂಕಂಪಶಾಸ್ತ್ರದ ತಳಪಾಯ. ಭೂಕಂಪವಾದದ್ದರಿಂದ ಬಂಡೆ ಬಿರುಕು ಬಿಡುವುದಲ್ಲ. ಬಂಡೆ ವರ್ಷಗಟ್ಟಲೆ ಬಾಗುತ್ತ, ಬಾಗುತ್ತ, ತಡೆಯಲಾರದೆ ಬಿರುಕಿನ ಗುಂಟ ಒಮ್ಮೆಗೇ ಜಾರಿ ನೆಟ್ಟಗಾಗುವುದೇ ಭೂಕಂಪ. ಬೆತ್ತವನ್ನು ಬಗ್ಗಿಸಿ ಬಿಟ್ಟಾಗ ಛಟ್ಟನೆ ಬಡಿಯುವ ಹಾಗೆ. ಅಂದರೆ ನಾವು ಅನುಭವಿಸುವ ಆ ಹತ್ತಿಪ್ಪತ್ತು ಸೆಕೆಂಡಿನ ಹಿಂದೆ ನೂರಾರು ವರ್ಷದ ಸಿಟ್ಟು ಇರುತ್ತದೆ.

1914ರ ಹೊತ್ತಿಗೆ ಬೆನೊ ಗುಟೆನ್‌ಬರ್ಗ್ ಎಂಬ ಜರ್ಮನ್ ಯುವಕ ಆ ಗರ್ಭ 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುತ್ತದೆಂದು ಲೆಕ್ಕ ಹಾಕಿದ. 1926ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ಅದು ದ್ರವವೆಂದು ತೋರಿಸಿದ. ದ್ರವದೊಳಗೆ ಹೊಕ್ಕ ಪಿ ಅಲೆಗಳು ನಿಧಾನವಾಗಿ, ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವ ಹಾಗೆ, ಒಳಮುಖವಾಗಿ ಬಾಗುತ್ತವೆ. ಹೀಗೆ ಬಾಗುವುದರಿಂದ ಭೂಕಂಪವಾದ ಜಾಗದಿಂದ ಸುಮಾರು 11,500 ಕಿಲೋಮೀಟರ್ ಆಚೆಗೂ 15,800 ಕಿಲೋಮೀಟರ್ ಈಚೆಗೂ ನಡುವೆ ಪಿ ಅಲೆ ತಲುಪದ ಒಂದು ಪಟ್ಟಿ ಉಳಿಯುತ್ತದೆ. ಅದಕ್ಕೆ ನೆರಳಿನ ಪಟ್ಟಿ ಎಂದರು. ಭೂಮಿಯ ಒಳಗುಟ್ಟು ತಿಳಿದಂತಾಯಿತು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಆದರೆ ಆ ಪಟ್ಟಿಯೊಳಗಿನ ಕೇಂದ್ರಗಳಲ್ಲಿಯೂ ಆಗೊಮ್ಮೆ ಈಗೊಮ್ಮೆ ಸಣ್ಣದೊಂದು ಗೀಟು ಕಾಣಿಸುತ್ತಿತ್ತು. ಬರಬಾರದ ಕಡೆ ಬಂದ ಅಲೆ. ಗರ್ಭದ ಅಂಚನ್ನು ಸವರಿಕೊಂಡು ಬಾಗಿ ಬಂದಿರಬೇಕು ಎಂದು ಅದಕ್ಕೊಂದು ಕಾರಣ ಹೇಳಿ ಮುಗಿಸಿದ್ದರು.

ಇಂಗೆ ಲೇಮನ್ ಹುಟ್ಟಿದ್ದು 1888ರ ಮೇ 13ರಂದು, ಕೋಪನ್‌ಹೇಗನ್ ನಗರದಲ್ಲಿ. ತಂದೆ ಆಲ್‌ಫ್ರೆಡ್ ಲೇಮನ್ ಮನೋವಿಜ್ಞಾನದ ಪ್ರಾಧ್ಯಾಪಕರು. ಮಗಳನ್ನು ಹನ್ನಾ ಆಡ್ಲರ್ ನಡೆಸುತ್ತಿದ್ದ ಶಾಲೆಗೆ ಹಾಕಿದರು. ಈ ಹನ್ನಾ ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ದೊಡ್ಡಮ್ಮ. ಅವರ ಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಒಂದೇ ಬೆಂಚಿನ ಮೇಲೆ ಒಂದೇ ಪಾಠ ಕಲಿಯುತ್ತಿದ್ದರು. ಹುಡುಗರು ಹೊಲಿಗೆಯನ್ನೂ ಹುಡುಗಿಯರು ಮರಗೆಲಸವನ್ನೂ ಕಲಿತರು. ಬುದ್ಧಿಯಲ್ಲಿ ಗಂಡು ಹೆಣ್ಣೆಂಬ ಭೇದವೇ ಇಲ್ಲವೆಂದು ತಾನು ಅಲ್ಲಿ ನಂಬಿಬಿಟ್ಟೆ, ಹೊರಗಿನ ಲೋಕ ಹಾಗಿಲ್ಲವೆಂದು ಆಮೇಲೆ ಕಂಡಾಗ ನಿರಾಸೆಯಾಯಿತು ಎಂಬ ಅರ್ಥದ ಮಾತನ್ನು ಇಂಗೆ ಮುಂದೆ ಹೇಳಿದ್ದುಂಟು. ಒಳ್ಳೆಯ ಶಾಲೆಯಲ್ಲಿ ಕಲಿತ ನಮ್ಮ ಹೆಣ್ಣುಮಕ್ಕಳಿಗೂ ಕಾಲೇಜು ಬಿಟ್ಟ ಮೇಲೆ ಇದೇ ಅನುಭವ.

ಗಣಿತ ಓದಲು 1910ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಹುಡುಗಿಯರು ಅಲ್ಲಿ ಪರೀಕ್ಷೆಗೆ ಕೂರಬಹುದಿತ್ತು, ಪಾಸಾಗಬಹುದಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ. ಅದು ಸಿಕ್ಕಲು 1948 ಬರಬೇಕಾಯಿತು. ಅಡುಗೆಯೆಲ್ಲ ಮಾಡಿಸಿಕೊಂಡು ಪಂಕ್ತಿಯಲ್ಲಿ ಎಲೆ ಹಾಕದಂಥ ವ್ಯವಹಾರ! ಒಂದು ವರ್ಷ ಕಷ್ಟಪಟ್ಟು ಓದಿ, 1911ರ ಕೊನೆಗೆ ಇಂಗೆ ಬಳಲಿ ಸೊರಗಿ ಊರಿಗೆ ವಾಪಸಾದರು. ಓದು ನಿಂತಿತು. ವಿಮೆಯ ಲೆಕ್ಕಾಚಾರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರು.

ಈ ಜಾಗದಲ್ಲಿ ಆಕೆಯ ಚರಿತ್ರೆ ಬರೆದವರೆಲ್ಲ ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ದಾಟಲು ಮನಸ್ಸಾಗುವುದಿಲ್ಲ. 1918ರಲ್ಲಿ ಮತ್ತೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಾಗ ಆಕೆಗೆ ಮೂವತ್ತು ವರ್ಷ. ನಡುವೆ ಆರೇಳು ವರ್ಷ ಹೋಗಿದ್ದವು. ಓದು ಅರ್ಧಕ್ಕೆ ಬಿಟ್ಟು, ಪುಸ್ತಕದ ಟ್ರಂಕನ್ನು ಮಂಚದ ಕೆಳಗೆ ತಳ್ಳಿ, ಇನ್ನು ಮುಗಿಯಿತು ಎಂದುಕೊಂಡ ಎಷ್ಟು ಹೆಂಗಸರು ನಮ್ಮ ಬೀದಿಗಳಲ್ಲಿಯೇ ಇಲ್ಲ! ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದು, ಈಗ ಹಾಲಿನವನ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆಯುವವರನ್ನು ನಾನೇ ಬಲ್ಲೆ. ಇಂಗೆಗೆ ಮರಳಿ ಹೋಗಲು ಸಾಧ್ಯವಾದದ್ದಕ್ಕೆ ಕಾರಣ ಛಲ ಒಂದೇ ಅಲ್ಲ. ಮನೆಯಲ್ಲಿ ಅನುಕೂಲವಿತ್ತು. ಮದುವೆಯಾಗಿರಲಿಲ್ಲ, ಕೊನೆಯವರೆಗೂ ಆಗಲಿಲ್ಲ. ಇದನ್ನು ಹೇಳದೆ ಛಲವನ್ನಷ್ಟೇ ಹೊಗಳಿದರೆ ಟ್ರಂಕು ಮಂಚದ ಕೆಳಗೇ ಉಳಿದವರಿಗೆ ಅನ್ಯಾಯವಾಗುತ್ತದೆ.

1920ರಲ್ಲಿ ಪದವಿ ಬಂತು. ವಿಮೆಯ ಕಚೇರಿಯ ಲೆಕ್ಕವೂ ವ್ಯರ್ಥವಾಗಲಿಲ್ಲ. ಅಂಕಿಗಳ ರಾಶಿಯಲ್ಲಿ ಯಾವುದು ನಿಜ, ಯಾವುದು ಅಳತೆಯ ದೋಷ ಎಂದು ಹಸನು ಮಾಡುವುದು ಅಲ್ಲೇ ಕೈಗೆ ಹತ್ತಿತೆಂದು ನನ್ನ ಊಹೆ. 1925ರಲ್ಲಿ ನೀಲ್ಸ್ ಎರಿಕ್ ನೋರ್ಲುಂಡ್ ಎಂಬ ಗಣಿತಜ್ಞರ ಕೈಕೆಳಗೆ ಸಹಾಯಕಿಯಾಗಿ ಸೇರಿದಾಗ, ಡೆನ್ಮಾರ್ಕಿನಲ್ಲೂ ಗ್ರೀನ್‌ಲ್ಯಾಂಡಿನಲ್ಲೂ ಭೂಕಂಪಮಾಪಕಗಳನ್ನು ಸ್ಥಾಪಿಸುವ ಕೆಲಸ ಪಾಲಿಗೆ ಬಂತು. ಆ ಯಂತ್ರವನ್ನು ಆಕೆ ಅದುವರೆಗೆ ಕಣ್ಣಿಂದ ಕಂಡಿರಲಿಲ್ಲ. ಭೂಕಂಪವೇ ಅಪರೂಪವಾದ ದೇಶ ಬೇರೆ. 1927ರಲ್ಲಿ ಯೂರೋಪಿನ ಕೇಂದ್ರಗಳನ್ನು ಸುತ್ತಿ, ಗುಟೆನ್‌ಬರ್ಗ್ ಅವರ ಬಳಿ ಒಂದು ತಿಂಗಳು ಇದ್ದು ಕಲಿತರು. 1928ರಲ್ಲಿ ಡೆನ್ಮಾರ್ಕಿನ ಭೂಮಾಪನ ಸಂಸ್ಥೆಯಲ್ಲಿ ಭೂಕಂಪ ವಿಭಾಗದ ಮುಖ್ಯಸ್ಥೆಯಾದರು. ಮುಖ್ಯಸ್ಥೆ ಎಂದರೆ ಕೈಕೆಳಗೆ ದಂಡು ಇತ್ತೆಂದು ತಿಳಿಯಬೇಡಿ. ಯಂತ್ರ ಕೆಟ್ಟರೆ ಸರಿಮಾಡಿಸುವುದು, ಗೆರೆ ಓದುವುದು, ವರದಿ ಅಚ್ಚು ಹಾಕಿಸುವುದು, ಎಲ್ಲವೂ ಹೆಚ್ಚುಕಡಿಮೆ ಅವರೊಬ್ಬರ ಮೇಲೆಯೇ. ಸಂಶೋಧನೆ ಆ ನೌಕರಿಯ ಭಾಗವಾಗಿರಲಿಲ್ಲ. ಮಾಡಿದರೆ ಬೇಡವೆನ್ನುವವರೂ ಇರಲಿಲ್ಲ.

ಆ ಸಂಶೋಧನೆಯ ಒಂದು ಚಿತ್ರವನ್ನು ಅವರ ಸೋದರ ಸಂಬಂಧದ ಹುಡುಗನೊಬ್ಬ ದೊಡ್ಡವನಾದ ಮೇಲೆ ನೆನೆದಿದ್ದಾನೆ. ಭಾನುವಾರ, ಬೇಸಿಗೆಯ ಬಿಸಿಲು. ಮನೆಯ ತೋಟದ ಹುಲ್ಲಿನ ಮೇಲೆ ದೊಡ್ಡ ಮೇಜು. ಮೇಜಿನ ತುಂಬ ಓಟ್ಸ್ ಹಿಟ್ಟಿನ ಖಾಲಿ ರಟ್ಟಿನ ಡಬ್ಬಿಗಳು. ಡಬ್ಬಿಗಳ ತುಂಬ ರಟ್ಟಿನ ಚೀಟಿಗಳು. ಒಂದೊಂದು ಚೀಟಿಯ ಮೇಲೆ ಯಾವ ಭೂಕಂಪ, ಯಾವ ಊರಿನ ಯಂತ್ರಕ್ಕೆ ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಬಂತು ಎಂಬ ಬರಹ. ಕಂಪ್ಯೂಟರ್ ಎಂಬ ಯಂತ್ರ ಇನ್ನೂ ಹುಟ್ಟಿರಲಿಲ್ಲ.

ಈ ಡಬ್ಬಿಗಳ ಕತೆ ಎಲ್ಲರಿಗೂ ಬಹಳ ಇಷ್ಟ. ನಾವು ಹಾರ್ಲಿಕ್ಸ್ ಬಾಟಲಿಯಲ್ಲಿ ಉದ್ದಿನಬೇಳೆ ತುಂಬಿಡುವವರು, ನಮಗೂ ಇಷ್ಟವೇ. ಆದರೆ ಇದನ್ನು ಹೇಳಿದವರು ಬೆನ್ನಿಗೇ ‘ಎಂಥ ಸಹನೆ! ಹೆಣ್ಣಿಗೆ ಸಹಜವಾದ ಸಹನೆ’ ಎಂದು ಸೇರಿಸುತ್ತಾರಲ್ಲ, ಅಲ್ಲಿ ನನಗೆ ತಕರಾರಿದೆ. ಸಹನೆಯಿಂದ ಚೀಟಿ ಜೋಡಿಸಿದರೆ ಜೋಡಿಸಿದ ಚೀಟಿ ಸಿಗುತ್ತದೆ, ಭೂಮಿಯ ಒಳಗರ್ಭ ಸಿಗುವುದಿಲ್ಲ. ಯಾವ ಊರಿನ ಗಡಿಯಾರ ನಂಬಲರ್ಹ, ಯಾವುದು ಅಲ್ಲ. ಯಾವ ಗೀಟು ಗಾಳಿಗೆ ಯಂತ್ರ ನಡುಗಿದ್ದು, ಯಾವುದು ನಿಜವಾಗಿ ಭೂಮಿಯ ಮಾತು. ದೊಡ್ಡ ವಿದ್ವಾಂಸರು ಹೇಳಿದ ಕಾರಣ ಸಾಲದೇ ಹೋದರೆ ಯಾವುದನ್ನು ಬಿಡಬೇಕು, ಕಾರಣವನ್ನೋ ಗೀಟನ್ನೋ? ಇದು ತೀರ್ಮಾನದ ಕೆಲಸ, ಧೈರ್ಯದ ಕೆಲಸ. ಗಂಡಸು ಮಾಡಿದ್ದರೆ ಅದನ್ನು ಪ್ರತಿಭೆ ಎನ್ನುತ್ತಿದ್ದರು.

1929ರ ಜೂನ್ 17ರಂದು ನ್ಯೂಜಿಲೆಂಡಿನ ಮರ್ಚಿಸನ್ ಎಂಬಲ್ಲಿ ದೊಡ್ಡ ಭೂಕಂಪವಾಯಿತು. ಗುಡ್ಡಗಳು ಕುಸಿದು, 17 ಜನ ಸತ್ತರು. ಭೂಗೋಳದ ಮೇಲೆ ನ್ಯೂಜಿಲೆಂಡಿಗೂ ಯೂರೋಪಿಗೂ ಹೆಚ್ಚುಕಡಿಮೆ ತಲೆ ಪಾದದ ನಂಟು. ಹಾಗಾಗಿ ಅಲೆಗಳು ಭೂಮಿಯ ನಡುವನ್ನು ಹಾಯ್ದೇ ಬರಬೇಕು. ಇಂಗೆ ಊರೂರಿಗೆ ಕಾಗದ ಬರೆದು ದಾಖಲೆಗಳನ್ನು ತರಿಸಿಕೊಂಡರು. ಸೋವಿಯತ್ ದೇಶದ ಸ್ವರ್ಡ್‌ಲೋವ್‌ಸ್ಕ್, ಇರ್ಕುಟ್‌ಸ್ಕ್ ಕೇಂದ್ರಗಳ ಕಾಗದದಲ್ಲಿ, ನೆರಳಿನ ಪಟ್ಟಿಯ ಒಳಗೇ, ಬರಬಾರದ ಆ ಅಲೆ ಸ್ಪಷ್ಟವಾಗಿ ಬಂದು ಕೂತಿತ್ತು. ಅಂಚು ಸವರಿ ಬಾಗಿ ಬಂದ ಅಲೆಗೆ ಇಷ್ಟು ಬಲ ಇರಲಾರದು ಎನ್ನಿಸಿತು.

ಆಕೆ ಮಾಡಿದ ಲೆಕ್ಕ ನೋಡಿದರೆ ಸಂತೋಷವಾಗುತ್ತದೆ, ಅಷ್ಟು ಸರಳ. ಭೂಮಿಯ ಮೇಲುಹೊದಿಕೆಯಲ್ಲಿ ಅಲೆ ಸೆಕೆಂಡಿಗೆ 10 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ಗರ್ಭದಲ್ಲಿ 8. ಇಷ್ಟೇ ಆದರೆ ನೆರಳಿನ ಪಟ್ಟಿಯಲ್ಲಿ ಏನೂ ಕಾಣಬಾರದು. ಈಗ ಗರ್ಭದೊಳಗೆ ಇನ್ನೊಂದು ಸಣ್ಣ ಗರ್ಭವಿದೆಯೆನ್ನಿ, ಅದರೊಳಗೆ ಅಲೆಯ ಓಟ ಮತ್ತೆ ಜೋರಾಗುತ್ತದೆನ್ನಿ. ಆಗ ಅದಕ್ಕೆ ತಾಗಿದ ಅಲೆಗಳು ಪಕ್ಕಕ್ಕೆ ತಿರುಗಿ ಬಂದು ಸರಿಯಾಗಿ ಆ ಪಟ್ಟಿಯಲ್ಲೇ ಮೇಲೆ ಬರುತ್ತವೆ. ಬರಬೇಕಾದ ವೇಳೆಗೂ ಬರುತ್ತವೆ. ಚೀಟಿಗಳು ಹೇಳಿದ್ದೂ ಅದೇ. ಆ ಒಳಗರ್ಭದ ಅರೆಯಗಲ ಸುಮಾರು 1,400 ಕಿಲೋಮೀಟರ್ ಎಂದು ಆಕೆ ಅಂದಾಜು ಮಾಡಿದರು. ಇಂದಿನ ಲೆಕ್ಕ ಸುಮಾರು 1,220. ಓಟ್ಸ್ ಡಬ್ಬಿಯ ಲೆಕ್ಕಕ್ಕೆ ಇದು ಕಡಿಮೆಯೇನಲ್ಲ.

1936ರಲ್ಲಿ ಆ ಪ್ರಬಂಧ ಅಚ್ಚಾಯಿತು. ಅದರ ಶೀರ್ಷಿಕೆ ಒಂದೇ ಅಕ್ಷರ: ಪಿ. ಅದರ ತಲೆಯ ಮೇಲೊಂದು ಗೀಟು. ಗರ್ಭವನ್ನು ಹಾಯ್ದು ಬಂದ ಪಿ ಅಲೆಯ ಗುರುತು ಅದು. ಭೂಮಿಯ ನಡುವಿಗೆ ಒಂದು ಹೊಸ ಲೋಕವನ್ನೇ ಸೇರಿಸಿದ ಬರಹಕ್ಕೆ ಇಷ್ಟು ಸಣ್ಣ ಹೆಸರಿಟ್ಟವರನ್ನು ನಾನು ಬೇರೆ ಕಂಡಿಲ್ಲ. ಮದುವೆಯ ಕರೆಯೋಲೆಗೂ ನಾವು ಇದಕ್ಕಿಂತ ದೊಡ್ಡ ತಲೆಬರಹ ಹಾಕುತ್ತೇವೆ.

ಅಷ್ಟು ಹೊತ್ತಿಗೆ ಅಮೆರಿಕ ಸೇರಿದ್ದ ಗುಟೆನ್‌ಬರ್ಗ್ ತಮ್ಮ ಜೊತೆಗಾರ ರಿಕ್ಟರ್ ಅವರೊಂದಿಗೆ 1938ರಲ್ಲಿ ಒಪ್ಪಿದರು. ಹೌದು, ಆ ರಿಕ್ಟರ್ ಮಾಪಕದ ರಿಕ್ಟರ್ ಅವರೇ. ಜೆಫ್ರೀಸ್ 1939ರಲ್ಲಿ ಲೆಕ್ಕ ಹಾಕಿ, ಅಂಚು ಸವರಿ ಬಂದ ಅಲೆಯ ಕಾರಣ ಸಾಲದೆಂದು ಕಂಡು ಒಪ್ಪಿದರು. ಒಳಗರ್ಭ ಗಟ್ಟಿಯೆಂಬ ಮಾತು 1940ರ ದಶಕದಲ್ಲಿ ಬಂತು. ಅದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 1971ರಲ್ಲಿ. ಅಲ್ಲಿನ ಶಾಖ 5,000 ಡಿಗ್ರಿಗೂ ಹೆಚ್ಚು. ಆದರೂ ಮೇಲಿನ ಭಾರಕ್ಕೆ ಕಬ್ಬಿಣ ಕರಗದೆ ಗಟ್ಟಿಯಾಗಿಯೇ ಉಳಿದಿದೆ. ಅದರ ಸುತ್ತಲಿನ ದ್ರವ ಕಬ್ಬಿಣ ಹೊರಳಾಡುವುದರಿಂದಲೇ ನಮ್ಮ ಭೂಮಿಗೆ ಅಯಸ್ಕಾಂತದ ಗುಣ, ದಿಕ್ಸೂಚಿಗೆ ಉತ್ತರ ದಿಕ್ಕು.

ಇದರಿಂದ ನಮಗೇನು ಎಂದು ಕೇಳುವವರಿದ್ದಾರೆ. ಹಾಗೆ ಕೇಳಿದ ಒಬ್ಬರ ಮಾತು ನನ್ನಲ್ಲಿ ಉಳಿದಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಜನ ಮಲಗಿದ್ದಾಗ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿತು. ನಾವು ಆಗ ಕಲಬುರಗಿಯಲ್ಲಿದ್ದೆವು, ಆಗಿನ ಗುಲಬರ್ಗಾ. ಅಡುಗೆಮನೆಯ ಬಾಂಡೆಗಳು ತಮ್ಮಷ್ಟಕ್ಕೆ ಸದ್ದು ಮಾಡಿದವು, ಮಂಚ ಸರಿದಂತಾಯಿತು, ಅಷ್ಟೆ. ಬೆಳಗಾದ ಮೇಲೆ ರೇಡಿಯೋದಲ್ಲಿ ಸುದ್ದಿ ಬರತೊಡಗಿತು. ಸತ್ತವರ ಲೆಕ್ಕ ಏರುತ್ತ ಹೋಗಿ ಹತ್ತು ಸಾವಿರದ ಹತ್ತಿರಕ್ಕೆ ಬಂತು. ವಾರಗಟ್ಟಲೆ ನಮ್ಮ ಓಣಿಯವರೆಲ್ಲ ಅಂಗಳದಲ್ಲಿ ಮಲಗಿದೆವು. ಎಷ್ಟೋ ವರ್ಷದ ಮೇಲೆ, ಆಗಿನ ನೆರೆಮನೆಯಾಕೆ ಸಿಕ್ಕಾಗ ಇಂಗೆಯ ಕತೆ ಹೇಳಿದೆ. ಕೇಳಿ ಅವರೆಂದರು: ‘ಭೂಮಿ ನಡುವ ಏನದ ಅಂತ ತಿಳ್ಕೊಂಡು ನಾವೇನ್ ಮಾಡೂದದ ವೈನಿ? ತಲಿ ಮ್ಯಾಲಿಂದು ಬೀಳಬಾರದು, ಅಷ್ಟ ನೋಡ್ರಿ.’

ಮಾತು ಖರೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ, ಮನೆ. ಎರಡಡಿಗೂ ದಪ್ಪನೆಯ ಕಲ್ಲುಗೋಡೆ, ಒಳಗೊಂದು ಹೊರಗೊಂದು ಪದರ, ಎರಡನ್ನೂ ಹಿಡಿದಿಡುವ ಉದ್ದನೆಯ ಕಲ್ಲಿಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ವರ್ಷ ವರ್ಷವೂ ಮಣ್ಣು ಹಾಕಿ ಹಾಕಿ ಭಾರವಾದದ್ದು. ಬಿಸಿಲಿಗೆ ತಂಪೆಂದು ಕಟ್ಟಿದ ಮನೆ ನಿದ್ದೆಯಲ್ಲಿದ್ದವರ ಮೇಲೆ ಕುಳಿತಿತು. ಅಂಥವೇ ಮನೆಗಳು ಕಲಬುರಗಿ, ಬೀದರ್ ಜಿಲ್ಲೆಯ ಹಳ್ಳಿಗಳಲ್ಲೂ ಇದ್ದವು. ನಮ್ಮ ದಕ್ಖನ್ನಿನ ಬಂಡೆ ಅಲ್ಲಾಡದು ಎಂಬುದು ಅಲ್ಲಿಯವರೆಗಿನ ನಂಬಿಕೆ. ಭೂಕಂಪದ ನಕ್ಷೆಯಲ್ಲಿ ಕಿಲ್ಲಾರಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರ ನಕ್ಷೆಯಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು.

ಆದರೂ ನೆರೆಮನೆಯಾಕೆಗೆ ನಾನು ಹೇಳಬೇಕೆಂದಿದ್ದು ಇಷ್ಟು. ನಾಳೆ ಭೂಕಂಪವಾಗುತ್ತದೆಂದು ಇವತ್ತಿಗೂ ಯಾರೂ ಹೇಳಲಾರರು. ಆದದ್ದು ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ದೊಡ್ಡದು ಎಂದು ನಿಮಿಷಗಳಲ್ಲಿ ತಿಳಿಯುವುದು ಮಾತ್ರ, ಅಲೆ ಯಾವ ದಾರಿಯಲ್ಲಿ ಎಷ್ಟು ವೇಳೆಯಲ್ಲಿ ಬರುತ್ತದೆಂಬ ಕೋಷ್ಟಕ ನಮ್ಮ ಕೈಯಲ್ಲಿ ಇರುವುದರಿಂದ. ಆ ಕೋಷ್ಟಕವನ್ನು ತಿದ್ದಿ ತೀಡಿ ಕೊಟ್ಟವರು ಇಂಗೆಯಂಥವರು. ಎಲ್ಲಿ ಎಷ್ಟು ನಡುಗೀತು ಎಂದು ತಿಳಿದರೆ ತಾನೆ ತಲೆಯ ಮೇಲೆ ಎಂಥ ಮಾಳಿಗೆ ಇರಬೇಕೆಂದು ತಿಳಿಯುವುದು?

ಇಂಗೆಯ ಮುಂದಿನ ಬದುಕು ಬೇಗ ಹೇಳಿಬಿಡುತ್ತೇನೆ. 1940ರಿಂದ 1945ರವರೆಗೆ ಡೆನ್ಮಾರ್ಕ್ ಹಿಟ್ಲರನ ಸೈನ್ಯದ ವಶದಲ್ಲಿತ್ತು, ಹೊರಗಿನ ವಿಜ್ಞಾನಿಗಳ ಕಾಗದಪತ್ರ ನಿಂತುಹೋಯಿತು. 1952ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಭೂಭೌತಶಾಸ್ತ್ರದ ಪೀಠಕ್ಕೆ ಆಕೆಯ ಹೆಸರು ಬಂದಿತ್ತು. ಕೊಡಲಿಲ್ಲ. ಎಷ್ಟು ಮಂದಿ ಅಸಮರ್ಥ ಗಂಡಸರೊಂದಿಗೆ ತಾನು ಪೈಪೋಟಿ ಮಾಡಿ ಸೋಲಬೇಕಾಯಿತೆಂದು ಆಕೆ ಮನೆಯವರೊಡನೆ ಹೇಳಿಕೊಂಡ ಮಾತೊಂದು ಉಳಿದಿದೆ. ಒಳ್ಳೆಯ ಖಾರದ ಮಾತು. ಸಹನಾಮೂರ್ತಿಯ ಮಾತಂತೂ ಅಲ್ಲ.

ಮರುವರ್ಷ, 65ಕ್ಕೆ, ನಿವೃತ್ತಿಯಾದರು. ಆಮೇಲೆಯೇ ಬಿಡುವಾಗಿ ಸಂಶೋಧನೆಗೆ ಕೂತದ್ದು. ಅಮೆರಿಕದವರು ಮತ್ತೆ ಮತ್ತೆ ಕರೆಸಿಕೊಂಡರು. ಅದು ಅಣುಬಾಂಬಿನ ಕಾಲ. ಪರರಾಷ್ಟ್ರದವರು ನೆಲದಡಿಯಲ್ಲಿ ಬಾಂಬು ಸಿಡಿಸಿದರೆ ಕಂಡುಹಿಡಿಯುವುದು ಹೇಗೆಂಬ ಚಿಂತೆಯಿಂದ ಭೂಕಂಪಶಾಸ್ತ್ರಕ್ಕೆ ಹಣ ಹರಿದು ಬಂತು. ಬಾಂಬು ಸುತ್ತಲಿನ ಬಂಡೆಯನ್ನು ಎಲ್ಲ ಕಡೆಗೂ ಹೊರಕ್ಕೆ ನೂಕುತ್ತದೆ. ಬಿರುಕಿನ ಗುಂಟ ಜಾರುವ ಭೂಕಂಪ ಕೆಲವು ಕಡೆ ನೂಕಿ ಕೆಲವು ಕಡೆ ಎಳೆಯುತ್ತದೆ. ಯಂತ್ರದ ಮುಳ್ಳು ಮೊದಲು ಮೇಲಕ್ಕೆ ಹೋಯಿತೋ ಕೆಳಕ್ಕೋ ಎಂದು ಊರೂರಿನ ದಾಖಲೆ ಕೂಡಿಸಿ ನೋಡುವುದು ಒಂದು ಉಪಾಯ. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ನೆರವಿನಿಂದ ಬಾಬಾ ಅಣು ಸಂಶೋಧನಾ ಕೇಂದ್ರದವರು ಭೂಕಂಪಮಾಪಕಗಳನ್ನು ಎಲ್ ಅಕ್ಷರದ ಆಕಾರದಲ್ಲಿ ಸಾಲಾಗಿ ಹೂತದ್ದೂ ಈ ಕಾರಣಕ್ಕೇ. ಸುತ್ತ ನೆಲಗಡಲೆ, ರಾಗಿ ಬೆಳೆಯುವ ಹೊಲಗಳು. ಅಡಿಯಲ್ಲಿ ಲೋಕದ ಯಾವುದೋ ಮೂಲೆಯ ನಡುಕಕ್ಕೆ ಕಿವಿಗೊಟ್ಟು ಕೂತ ಯಂತ್ರಗಳು. ಬಾಂಬಿನ ಅಲೆಗೆ ಒಂದು ಅನುಕೂಲ, ಸಿಡಿದ ಜಾಗವೂ ಕ್ಷಣವೂ ಮೊದಲೇ ಗೊತ್ತಿರುತ್ತದೆ. ಅಂಥ ದಾಖಲೆಗಳನ್ನೂ ಇಟ್ಟುಕೊಂಡು ಇಂಗೆ ಭೂಮಿಯ ಮೇಲುಹೊದಿಕೆಯಲ್ಲಿ ಸುಮಾರು 220 ಕಿಲೋಮೀಟರ್ ಆಳದಲ್ಲಿ ಇನ್ನೊಂದು ಪದರದ ಗಡಿಯನ್ನು ಗುರುತಿಸಿದರು. ಆಗ ವಯಸ್ಸು ಎಪ್ಪತ್ತು ದಾಟಿತ್ತು. ಅದಕ್ಕೆ ಲೇಮನ್ ಗಡಿ ಎಂದೇ ಹೆಸರು.

ಗೌರವಗಳೆಲ್ಲ ತಡವಾಗಿ ಬಂದವು. 1969ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1971ರಲ್ಲಿ ಅಮೆರಿಕದ ಭೂಭೌತ ಒಕ್ಕೂಟದ ಬೋವಿ ಪದಕ. ಅದನ್ನು ಪಡೆದ ಮೊದಲ ಹೆಂಗಸು ಆಕೆ. ಪೀಠ ಕೊಡದ ವಿಶ್ವವಿದ್ಯಾಲಯದ ಮುಂದಿನ ಚೌಕದಲ್ಲಿ, ದೊಡ್ಡ ದೊಡ್ಡ ಗಂಡಸರ ಪ್ರತಿಮೆಗಳ ನಡುವೆ, 2017ರಲ್ಲಿ ಆಕೆಗೊಂದು ಸ್ಮಾರಕ ನಿಂತಿತು. ಆಕೆ ಬಿಟ್ಟ ಎಳೆಯನ್ನು ಹಿಡಿದು ಹೋದವರೂ ಇದ್ದಾರೆ. 2002ರಲ್ಲಿ ಮಿಯಾಕಿ ಇಶಿಯಿ ಎಂಬಾಕೆ, ಸಹ ಸಂಶೋಧಕ ಜಿವೊನ್‌ಸ್ಕಿ ಅವರೊಡನೆ, ಒಳಗರ್ಭದ ಒಳಗೆ ಮತ್ತೂ ಒಂದು ತಿರುಳು ಇರುವಂತಿದೆ ಎಂದರು. 2023ರಲ್ಲಿ ಆಸ್ಟ್ರೇಲಿಯದವರು ಅದಕ್ಕೆ ಇನ್ನಷ್ಟು ಸಾಕ್ಷಿ ಒದಗಿಸಿದರು.

ಇಂಗೆ ತೀರಿಕೊಂಡದ್ದು 1993ರ ಫೆಬ್ರವರಿ 21ರಂದು, 104 ವರ್ಷ ತುಂಬು ಬಾಳಿ. ಅದಕ್ಕೆ ಆರು ವರ್ಷ ಮೊದಲು, ನೂರರ ಹೊಸ್ತಿಲಲ್ಲಿ, ಹಳೆಯ ದಿನಗಳ ಭೂಕಂಪಶಾಸ್ತ್ರವನ್ನು ನೆನೆದು ಒಂದು ಪುಟ್ಟ ಲೇಖನ ಬರೆದರು. ಅದರಲ್ಲಿ ಹದಿನೈದೋ ಹದಿನಾರೋ ವಯಸ್ಸಿನ ಒಂದು ಭಾನುವಾರದ ಬೆಳಗಿನ ಮಾತಿದೆ. ತಾಯಿ, ತಂಗಿಯೊಡನೆ ಮನೆಯಲ್ಲಿ ಕೂತಿದ್ದಾಗ ಕಾಲ ಕೆಳಗಿನ ನೆಲ ಮೆಲ್ಲಗೆ ಆಡಿತಂತೆ, ತೂಗುದೀಪ ಓಲಾಡಿತಂತೆ. ತಂದೆ ಕೋಣೆಯೊಳಕ್ಕೆ ಬಂದು ಇದು ಭೂಕಂಪ ಎಂದರಂತೆ. ಇಷ್ಟು ಹೇಳಿ ಸುಮ್ಮನಾಗದೆ, ಆ ಅಲುಗಾಟ ನಿಧಾನವಾಗಿದ್ದುದರಿಂದ ಅದು ದೂರದಲ್ಲೆಲ್ಲೋ ಆಗಿರಬೇಕೆಂದೂ, ಎಷ್ಟು ಪ್ರಯತ್ನಪಟ್ಟರೂ ಅದರ ಕೇಂದ್ರ ಎಲ್ಲಿತ್ತೆಂದು ಕರಾರುವಾಕ್ಕಾಗಿ ಗೊತ್ತಾಗಲೇ ಇಲ್ಲವೆಂದೂ ಆಕೆ ಬರೆದಿದ್ದಾರೆ.